ಎದುರು ಮೇಳದ ತುಂತುಣಿ

"ಅಪ್ಪಾರ, ಕಲಿಯೋದು ಬಿಟ್ಟು ಊರಿಗೆ ಹೋಗಲೇನ್ರಿ?" ಎಂದು ಶಿಷ್ಯ ಕೇಳಿದ.

ಮೊದಲು ಅವನು ಒಮ್ಮೆ ಪಾಠಕ್ಕೆ ಕೂತರೆ ನಾಲ್ಕಾರು ಪದ್ಯಗಳನ್ನು ಅರ್ಥಸಮೇತ ಕಲಿತು ಏಳುತ್ತಿದ್ದ. ಈಗ ಒಂದು ಪದ್ಯ ಮುಗಿಯುವಷ್ಟರಲ್ಲಿ ಮಠದ ಊಟದ ಗಂಟೆ ಬಾರಿಸುತ್ತಿತ್ತು. ತನ್ನ ಬುದ್ಧಿ ಮಂದವಾಗಿದೆ, ತನಗೆ ಹಾಕುವ ಅನ್ನ ದಂಡ ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು. ಗುರುಗಳನ್ನು ಬಿಟ್ಟು ಹೋಗಲು ಮನಸ್ಸಿಲ್ಲ, ಇರಲು ಮುಖವಿಲ್ಲ.

ಹೋಗುವವನು ಹೇಗೂ ಹೋಗುತ್ತಾನೆ, ಒಂದು ಕತೆ ಕೇಳಿಯೇ ಹೋಗಲಿ ಎಂದು ಗುರುಗಳು ಗೋಡೆಗೆ ಒರಗಿ ಶುರು ಮಾಡಿದರು.

ಒಂದು ಗೀಗೀ ಮೇಳದಲ್ಲಿ ತುಂತುಣಿ ನುಡಿಸುವವನೊಬ್ಬನಿದ್ದ. ತುಂತುಣಿಗೆ ಇರುವುದು ಒಂದೇ ತಂತಿ. ಒಂದು ತಂತಿಯಲ್ಲಿ ಏನು ಮಹಾ ಇದೆ ಎನ್ನುವವರು ಅವನ ಕೈ ಕೇಳಿದ ಮೇಲೆ ಸುಮ್ಮನಾಗುತ್ತಿದ್ದರು. ಮೀಸೆ ಮೂಡುವ ಮೊದಲೇ ಮೇಳ ಸೇರಿದವನು, ಒಬ್ಬನೇ ಹಾಡುಗಾರನ ಹಿಂದೆ ನಿಂತು ತಲೆ ನರೆಸಿಕೊಂಡ. ನುಡಿಸುವಾಗ ಅವನು ತಂತಿಯನ್ನು ನೋಡುತ್ತಿರಲಿಲ್ಲ, ಹಾಡುಗಾರನ ಹೆಗಲನ್ನು ನೋಡುತ್ತಿದ್ದ. ಉಸಿರು ಎಳೆದುಕೊಳ್ಳಲು ಆ ಹೆಗಲು ಏರಿದರೆ ಸಾಕು, ಆ ಸಂದಿಯಲ್ಲಿ ನಾಲ್ಕು ಸಣ್ಣ ಮೀಟು ಹಾಕುತ್ತಿದ್ದ. ಹಾಡು ನಿಂತದ್ದು ಜನರಿಗೆ ತಿಳಿಯುತ್ತಲೇ ಇರಲಿಲ್ಲ. ಅವರ ಪದ ರೇಡಿಯೋದಲ್ಲಿ ಬಂದಾಗ ಹಾಡುಗಾರನ ಹೆಸರು ಹೇಳಿದರು, ಇವನ ಹೆಸರು ಹೇಳಲಿಲ್ಲ. ಇವನಿಗೆ ಅದರ ಚಿಂತೆ ಇರಲಿಲ್ಲ. ಇವನ ಹೆಂಡತಿಗೆ ಇತ್ತು.

ಕಾಲ ಕಳೆದಂತೆ ಮೇಳದ ಪದಗಳು ಎಳೆಯತೊಡಗಿದವು. ಎದುರು ಮೇಳದವರು ಮುಸಿಮುಸಿ ನಗತೊಡಗಿದರು. ಒಂದು ದಿನ ಹಾಡುಗಾರ ಇವನನ್ನು ಕರೆದು, ನಿನ್ನ ಕೈ ನಿಧಾನವಾಗಿದೆ, ನನ್ನನ್ನೂ ಹಿಂದಕ್ಕೆ ಎಳೆಯುತ್ತಿದೆ ಎಂದ. ಚುರುಕು ಕೈಯ ಬೇರೊಬ್ಬನನ್ನು ಗೊತ್ತುಮಾಡಿಕೊಂಡ. ಕೈ ನಿಧಾನವಾದದ್ದು ಇವನಿಗೂ ಗೊತ್ತಿತ್ತು. ತುಂತುಣಿಯನ್ನು ಗೂಟಕ್ಕೆ ನೇತುಹಾಕಿದ. ಅದರ ಎದುರು ಕೂತು ತುತ್ತು ಇಳಿಯದೆ, ತಟ್ಟೆ ಹಿಡಿದು ಹೊರಗೆ ಕಟ್ಟೆಗೆ ಹೋಗುತ್ತಿದ್ದ. ಸತ್ತವರಿಗಾದರೆ ಅಳಬಹುದು, ಕೈಗೆ ಅಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಹೀಗಿರುವಾಗ ಎದುರು ಮೇಳದ ಹಾಡುಗಾರ್ತಿ ಅವನ ಮನೆಗೆ ಬಂದಳು. ಅವಳ ತುಂತುಣಿಯವನು ಜ್ವರದಿಂದ ಮಲಗಿದ್ದ. ಅಂದು ಮಧ್ಯಾಹ್ನವೇ ಪದ, ಅದೂ ಇವನ ಹಳೆಯ ಮೇಳದ ಜೊತೆ.

"ನನ್ನ ಕೈ ಹೋಗೇತಿ ಯವ್ವಾ" ಎಂದ.

"ಹೋದಷ್ಟು ಹೋಗಲಿ. ಉಳಿದಷ್ಟು ತಗೊಂಡು ಬಾ ಕಾಕಾ" ಎಂದಳು.

ಗೀಗೀ ಪದದಲ್ಲಿ ಎರಡು ಮೇಳಗಳು ಎದುರುಬದುರು. ಒಂದು ಮೇಳ ಹಾಡಿನಲ್ಲೇ ಸವಾಲು ಹಾಕುತ್ತದೆ, ಇನ್ನೊಂದು ಹಾಡಿನಲ್ಲೇ ಜವಾಬು ಕೊಡಬೇಕು. ಜವಾಬು ನಡುವೆ ನಿಂತರೆ ಸೋತಂತೆ. ಹಾಡುಗಾರ್ತಿ ಸವಾಲು ಎತ್ತಿದಳು. ಹರೆಯದ ಎದೆ, ಒಂದು ಸಾಲನ್ನು ಒಂದೇ ಉಸಿರಿನಲ್ಲಿ ಆ ತುದಿಗೆ ಮುಟ್ಟಿಸುತ್ತಿದ್ದಳು. ಇವನ ಕೈ ಅವಳ ಜೊತೆಗೇ ಓಡಿತು. ಎಲ್ಲಿಯೂ ತಡೆಯಲಿಲ್ಲ, ತಡವರಿಸಲಿಲ್ಲ. ಇವನು ಬೆರಗಾಗಿ ತನ್ನ ಕೈಯನ್ನು ತಾನೇ ನೋಡಿದ. ಎದೆಯ ಮೇಲಿನ ಭಾರ ಇಳಿಯಿತು. ಕಣ್ಣೀರು ಬಂತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಆಮೇಲೆ ಹಳೆಯ ಹಾಡುಗಾರ ಜವಾಬಿಗೆ ಎದ್ದ. ಹೊಸಬನ ತುಂತುಣಿ ಗಡಿಯಾರದ ಹಾಗೆ ನುಡಿಯುತ್ತಿತ್ತು, ಒಂದು ತಪ್ಪಿಲ್ಲ. ಎರಡನೆಯ ನುಡಿಯ ನಡುವೆ ಹಾಡುಗಾರನ ಹೆಗಲು ಏರಿತು. ತಂತಿ ಅವನನ್ನು ಬಿಟ್ಟು ಮುಂದೆ ಹೋಯಿತು. ಬಾಯಿ ತೆರೆದೇ ಇತ್ತು, ಹಾಡು ಬರಲಿಲ್ಲ.

ಆಗ ಎದುರು ಮೇಳದಿಂದ ನಾಲ್ಕು ಸಣ್ಣ ಮೀಟು ಕೇಳಿಸಿದವು.

ಒಂದು ಮೇಳ ಹಾಡುವಾಗ ಇನ್ನೊಂದು ಮೇಳದ ತಂತಿ ಮಿಡಿಯುವ ಪದ್ಧತಿ ಎಲ್ಲಿಯೂ ಇಲ್ಲ. ಇವನು ಬೇಕೆಂದು ಮಾಡಿದ್ದಲ್ಲ. ಹೆಗಲು ಏರಿದ್ದನ್ನು ಕಂಡು ಕೈ ತಾನಾಗಿಯೇ ನುಡಿಸಿತ್ತು. ಹೊಸಬ ಗಲಿಬಿಲಿಯಾಗಿ ನಿಲ್ಲಿಸಿಬಿಟ್ಟ. ಹಾಡುಗಾರ್ತಿ ಗಕ್ಕನೆ ಇವನ ಕಡೆ ತಿರುಗಿದಳು. ಗೆಲುವು ಅವಳ ಅಂಗೈಯಲ್ಲಿತ್ತು, ಬೇಡ ಎಂದು ಒಂದು ಸನ್ನೆ ಮಾಡಿದ್ದರೆ ಸಾಕಿತ್ತು. ಅವಳು ಇವನ ಒದ್ದೆ ಕೆನ್ನೆಯನ್ನು ನೋಡಿದಳು, ಆಚೆ ಬಾಯಿ ತೆರೆದು ನಿಂತವನನ್ನೂ ನೋಡಿದಳು. ನುಡಿಸು ಎಂಬಂತೆ ತಲೆ ಆಡಿಸಿದಳು. ಹಾಡುಗಾರ ಉಸಿರು ತುಂಬಿಕೊಂಡು ಜವಾಬನ್ನು ಕೊನೆಯವರೆಗೆ ಹಾಡಿ ಮುಗಿಸಿದ.

ಪದ ಮುಗಿದದ್ದೇ ಅವನು ನೆಟ್ಟಗೆ ಇವನ ಹತ್ತಿರ ಬಂದ.

"ಎಷ್ಟು ದಿನದಿಂದ ನನ್ನ ಹೀಂಗ ಹೊತ್ತುಕೊಂಡು ಬಂದೀಯೋ?"

"ನನಗೂ ಇವತ್ತೇ ಗೊತ್ತಾತು ಅಣ್ಣಾ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅಳಬೇಕಾದ ಕಡೆ ನಕ್ಕುಬಿಟ್ಟರು.

ಕತೆ ಮುಗಿಸಿ ಗುರುಗಳು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡರು. ಶಿಷ್ಯ ಕಾದ. ಅವರು ಕಣ್ಣು ತೆರೆದ ಮೇಲೆ, ಕತೆಯೇನೋ ಚೆನ್ನಾಗಿದೆ, ಆದರೆ ತನಗೆ ಮಂದವಾಗಿರುವುದು ಕೈಯಲ್ಲ, ಬುದ್ಧಿ ಎಂದು ಮೆಲ್ಲಗೆ ನೆನಪಿಸಿದ.

ಗುರುಗಳು ನಕ್ಕರು.

"ನಿನ್ನ ಬುದ್ಧಿ ಮಂದ ಆಗಿಲ್ಲೋ ತಮ್ಮಾ, ನನ್ನ ಉಸಿರಿಗೆ ಕಾಯಾಕತ್ತೇತಿ."