ಮೂರನೇ ಕೂಗಿನ ಬಂಡೆ

ಕಾರವಾರದಿಂದ ಗೋವೆಯ ಗಡಿಯತ್ತ ಹೋಗುವವರಿಗೆ ಕಣಸಾಳ ಹೊಳೆಯ ಈಚೆ ದಡದಲ್ಲಿ ಒಂದು ಕರಿಬಂಡೆ ಕಾಣಸಿಗುತ್ತದೆ. ಅದರ ಅಂಚಿನಲ್ಲಿ ಅಂಗೈಯಗಲದ ಒಂದು ಚಕ್ಕೆ ಹಾರಿಹೋಗಿದೆ. ಊರವರು ಇದನ್ನು ಮೂರನೇ ಕೂಗಿನ ಬಂಡೆ ಎನ್ನುತ್ತಾರೆ. ಪ್ರವಾಸಿಗರು ಹತ್ತಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಬೇಡವೆಂದರೆ ಕೇಳಬೇಕಲ್ಲ! ಈಗ ಪಕ್ಕದಲ್ಲೇ ಸೇತುವೆಯಿದೆ, ಆಚೆ ದಡಕ್ಕೆ ಹೋಗಿ ಮೀನು ಕೊಂಡು ಬರುವುದು ಅರ್ಧ ಗಳಿಗೆಯ ಕೆಲಸ.

ಹಿಂದೆ ಒಮ್ಮೆ, ಆಚೆ ದಡದ ಗೋವೆ ಇನ್ನೂ ಪರಂಗಿಯವರ ಕೈಯಲ್ಲಿದ್ದಾಗ, ಗಡಿ ಮುಚ್ಚಿತು. ಈಚೆಯ ಸಾವಂತ್ರಿ ತನ್ನ ಒಬ್ಬಳೇ ಮಗಳು ಶೇವಂತಿಯನ್ನು ಆಚೆಗೆ ಕೊಟ್ಟಿದ್ದಳು. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾದ ಹುಡುಗಿ ತುಂಬು ಬಸುರಿಯಾಗಿ ಅಲ್ಲೇ ಉಳಿದಳು. ದಿನವೂ ಬೈಗಿಗೆ ತಾಯಿ ಬಂಡೆಯೇರಿ ಮೂರು ಸಲ ಕೂಗುವಳು, ಮಗಳು 'ಓ' ಎನ್ನುವಳು. ನೀರಿನಾಚೆಯಿಂದ ದೆವ್ವ ಎರಡೇ ಸಲ ಕೂಗುತ್ತದೆ, ಮೂರನೆಯದು ಕೇಳುವ ತನಕ ಓಗೊಡಬಾರದು ಎಂಬುದು ಹೊಳೆಸಾಲಿನ ಕಟ್ಟಳೆ. ಆ ಒಂದು 'ಓ'ಗಾಗಿ ಸಾವಂತ್ರಿ ಜೀವ ಹಿಡಿದಿದ್ದಳು. ಒಂದು ದಿನ ಎರಡನೇ ಕೂಗಿಗೇ ಆಚೆ ದಡದ ಗಡಿ ಕಾವಲಿನವನ ಕೋವಿ ಸಿಡಿಯಿತು. ಅಂಬಿಗ ಬುದ್ಯ ಅವಳನ್ನು ಕೆಳಗೆಳೆದ. ಆಚೆಯಿಂದ ಓ ಬರಲಿಲ್ಲ. ಮರುದಿನವೂ ಎರಡು ಕೂಗು, ಗುಂಡು, ಮೌನ. ಒಂಬತ್ತು ದಿನ ಹೀಗೇ ಕಳೆಯಿತು. ಮಗಳು ಹೆರಿಗೆಯಲ್ಲೇ ತೀರಿಕೊಂಡಳೆಂದು ಊರು ಮಾತಾಡಿತು, ಸಾವಂತ್ರಿ ಅನ್ನ ಬಿಟ್ಟಳು. ಆ ತಾಯಿಯ ಸಂಕಟ ಹೇಳತೀರದು. ಹತ್ತನೇ ದಿನ ಅವಳಿಗೆ ಥಟ್ಟನೆ ಹೊಳೆಯಿತು: ಕಟ್ಟಳೆಯನ್ನು ಮಗಳಿಗೆ ಕಲಿಸಿದವಳು ತಾನೇ, ಅದೂ ಕಿವಿ ಹಿಂಡಿ.

"ಸೆರಗ್ ಬಿಡೋ ಬುದ್ಯಾ," ಎಂದಳು. "ಮೂರ್ ಸಲ ಕೂಗ್ದೇ ಇದ್ರೆ ಅವ್ಳು ಓ ಅನ್ನೂದಿಲ್ಲ. ನಾನೇ ಹೇಳ್ಕೊಟ್ಟದ್ದು."

ಎರಡನೇ ಕೂಗಿಗೆ ಬಂದ ಗುಂಡು ಬಂಡೆಯ ಚಕ್ಕೆ ಹಾರಿಸಿತು. ಅವಳು ಕದಲಲಿಲ್ಲ. ಮೂರನೆಯದನ್ನು ಉಸಿರೆಲ್ಲ ಸೇರಿಸಿ ಕೂಗಿದಳು. ಅದರ ಬೆನ್ನಿಗೇ ಬಂದ ಗುಂಡು ಎದೆಗೆ ತಗಲಿತು. ಆಗ ಆಚೆಯಿಂದ 'ಓ' ಕೇಳಿಸಿತು, ಜೊತೆಗೆ ಎಳೆಕೂಸಿನ ಅಳು. ಸಾವಂತ್ರಿಗೆ ಕೇಳಿತೋ ಇಲ್ಲವೋ ಯಾರಿಗೆ ಗೊತ್ತು. ಕೇಳಿತು ಎಂದೇ ಬುದ್ಯ ಸಾಯುವವರೆಗೂ ಹೇಳುತ್ತಿದ್ದನಂತೆ.

ಪರಂಗಿಯವರು ಹೋದರು. ಎಷ್ಟೋ ವರ್ಷಗಳ ಮೇಲೆ ಆಚೆ ದಡ ತನ್ನದೇ ಒಂದು ರಾಜ್ಯವಾಯಿತು. ಪ್ರತಿವರ್ಷ ರಾಜ್ಯವಾದ ದಿನ ಅಲ್ಲಿ ಬಾವುಟ, ಬ್ಯಾಂಡು, ಸಿಹಿ ಎಲ್ಲ ಇರುತ್ತದೆ. ಅದಕ್ಕೂ ಮೊದಲು ಒಬ್ಬ ಹೆಂಗಸು ಹೊಳೆಗೆ ಇಳಿದು ಬರುತ್ತಾಳೆ. ಅಂದು ಅತ್ತ ಕೂಸು ಅವಳೇ. ಬಂಡೆಗೆ ಮುಖ ಮಾಡಿ ನಿಲ್ಲುತ್ತಾಳೆ. ಈಚೆಯಿಂದ ಯಾರೂ ಕೂಗಿರುವುದಿಲ್ಲ. ಆದರೂ 'ಓ' ಎನ್ನುತ್ತಾಳೆ.