ಗ್ರಂಥ ಮುಟ್ಟಿದವನು

ಹೊಳೆದಂಡೆಯ ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಸಂಜೆಯ ಪಾರಾಯಣವನ್ನು ಕಣ್ಣು ಮುಚ್ಚಿ ಬಾಯಿಪಾಠವಾಗಿ ಒಪ್ಪಿಸಬೇಕು. ಗ್ರಂಥ ಮುಟ್ಟಿದವನು ಇನ್ನೂ ಎಳಸು ಎಂದೇ ಅರ್ಥ.

ಕಲ್ಲಿನಾಥನ ಸರದಿ ನಾಳೆ.

ಹಿಂದೆ ಅವನು ವಾರಗಟ್ಟಲೆ ನಿದ್ದೆಯಿಲ್ಲದೆ ಉರಿಯುತ್ತಿದ್ದ. ಒಮ್ಮೆ ಕೇಳಿದ ಅಧ್ಯಾಯ ನಾಲಿಗೆಯ ಮೇಲಿರುತ್ತಿತ್ತು. ಆಮೇಲೆ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ವೈದ್ಯರ ಔಷಧಿಯಿಂದ ಎರಡೂ ಇಳಿದವು. ಗುಣವಾಯಿತು ಎಂದರು ಎಲ್ಲರೂ.

ಆದರೆ ಈಗ ಪಾಠದ ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯದು ಜಾರಿಹೋಗುತ್ತಿತ್ತು. ನೀರಿಗೆ ಹೋದವನು ಬಾವಿಕಟ್ಟೆಯಲ್ಲಿ ನಿಂತು, ಯಾಕೆ ಬಂದೆ ಎಂದು ಯೋಚಿಸುತ್ತಿದ್ದ.

"ಏನಪ್ಪಾ, ಉಂಡದ್ದಾದರೂ ನೆನಪಿದೆಯೋ, ಇನ್ನೊಂದು ಎಲೆ ಹಾಕಲೋ?" ಎಂದ ಸಹಪಾಠಿ ಚೆನ್ನವೀರ.

ಕಲ್ಲಿನಾಥ ಎದ್ದ. ಕೂತ. ಮತ್ತೆ ಎದ್ದು, ಔಷಧಿಯ ಭರಣಿ ಹಿಡಿದು ಹೊಳೆಗೆ ನಡೆದ.

ದಂಡೆಯಲ್ಲಿ ಗುರುಗಳು ಬಟ್ಟೆ ಹಿಂಡುತ್ತಿದ್ದರು.

"ಭರಣಿ ಎಲ್ಲಿಗೆ?"

"ನೀರಿಗೆ, ಅಯ್ಯನವರೇ. ಇದನ್ನು ಬಿಟ್ಟರೆ ಹಳೆಯ ಚುರುಕು ಬರುತ್ತದೆ."

"ಆ ಚುರುಕಿನಲ್ಲೇ ಅಲ್ಲವೇ, ತುಂಬಿದ ಹೊಳೆಯನ್ನು ನಡೆದೇ ದಾಟುತ್ತೇನೆ ಎಂದು ಇಳಿದದ್ದು? ನಾಲ್ವರು ಎಳೆದು ತಂದರು."

"ಈಗಿನದೂ ಒಂದು ಬದುಕೇ? ತಲೆಯೊಳಗೆ ಏನೂ ನಿಲ್ಲುವುದಿಲ್ಲ. ನಾನು ಸೋಮಾರಿಯೇ? ದಡ್ಡನೇ?"

"ಎರಡೂ ಅಲ್ಲ. ಕಾಯಿಲೆ ಹೋಗುವಾಗ ಎಲ್ಲವನ್ನೂ ಹಿಂದಕ್ಕೆ ಕೊಟ್ಟು ಹೋಗಿಲ್ಲ. ಔಷಧಿಯೇ ಭಾರವೆನಿಸಿದರೆ ವೈದ್ಯರನ್ನು ಕೇಳೋಣ. ಹೊಳೆಯನ್ನು ಕೇಳಬೇಡ."

"ವೈದ್ಯರು ನಾಳೆಯೊಳಗೆ ಬರುತ್ತಾರೆಯೇ?"

ಗುರುಗಳು ಒದ್ದೆ ಬಟ್ಟೆಯ ಒಂದು ತುದಿಯನ್ನು ಅವನತ್ತ ಚಾಚಿದರು. ಹಿಡಿಯಬೇಕಾದರೆ ಭರಣಿ ಕೆಳಗಿಡಬೇಕಿತ್ತು. ಇಟ್ಟ. ಇಬ್ಬರೂ ಹಿಂಡಿದರು.

ಆ ಸಂಜೆಯ ಸರದಿ ಗುರುಗಳದು. ಊರವರೆಲ್ಲ ಬಂದು ಕೂತಿದ್ದರು.

"ಕಲ್ಲಿನಾಥ, ಗ್ರಂಥ ತಾ."

ಗುರುಗಳು ಗ್ರಂಥ ಬಿಚ್ಚಿದರು. ಕಣ್ಣು ತೆರೆದು, ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು, ನಿಧಾನವಾಗಿ ಓದಿದರು. ಹಿಂದೆ ಕೂತಿದ್ದ ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ಹಲವರು.

ಎಲ್ಲರೂ ಹೋದಮೇಲೆ ಕಲ್ಲಿನಾಥ ಕೇಳಿದ: "ಐವತ್ತು ವರ್ಷ ಬಾಯಿಪಾಠ ಹೇಳಿದವರು ತಾವು. ಮರೆತುಹೋಯಿತೇ?"

"ಇಲ್ಲವಪ್ಪ."

"ಮತ್ತೆ ಯಾಕೆ? ಊರವರು ನಕ್ಕರು, ಅಯ್ಯನವರೇ."

"ನಗಲಿ ಬಿಡು. ನಾಳೆ ನೀನು ಗ್ರಂಥ ಬಿಚ್ಚುವ ಹೊತ್ತಿಗೆ ಆ ನಗು ಹಳಸಿರುತ್ತದೆ."