ಕಾಲುವೆಯ ಹೂಳೆತ್ತಿದ ದಿನ

ಜಪಾನಿನ ಒಂದು ಕೋಟೆಯೂರಿನಲ್ಲಿ ಕೋಟೆಯನ್ನು ಸುತ್ತುವರಿದ ಕಂದಕವೂ, ಊರವರ ಮುತ್ತಜ್ಜಂದಿರು ಗದ್ದೆಗೆಂದು ತೋಡಿದ ಕಾಲುವೆಯೂ ಅಕ್ಕಪಕ್ಕದಲ್ಲೇ ಇದ್ದವು. ವರ್ಷಕ್ಕೊಮ್ಮೆ, ನಾಟಿಗೆ ಮುಂಚೆ, ಊರವರೆಲ್ಲ ತೂಬು ಮುಚ್ಚಿ ಕಾಲುವೆಗಿಳಿದು ಹೂಳೆತ್ತುವುದು ವಾಡಿಕೆ. ಆ ದಿನ ಬಂತೆಂದರೆ ಕಾಲುವೆಗೆ ಎಲ್ಲಿಲ್ಲದ ಸಡಗರ.

"ನಾಚಿಕೆಯಾಗಬೇಕು ತಂಗಿ!" ಎಂದಿತು ಕಂದಕ, ಒಂದು ವರ್ಷ ಊರವರು ಹೂಳೆತ್ತುತ್ತಿದ್ದಾಗ. "ಕಂಡಕಂಡವರೆಲ್ಲ ನಿನ್ನನ್ನು ತುಳಿಯುತ್ತಾರೆ. ನೂರು ವರ್ಷವಾಯಿತು, ನನ್ನೊಳಗೆ ಒಬ್ಬನೂ ಕಾಲಿಟ್ಟಿಲ್ಲ."

"ತುಳಿಯಲಿ ಬಿಡಣ್ಣ, ಮೈ ಹಗುರಾಗುತ್ತದೆ!" ಎಂದು ಕಾಲುವೆ ನಕ್ಕಿತು.

ಅಷ್ಟರಲ್ಲಿ ಕೋಟೆಯ ಅಡುಗೆಮನೆಗೆ ಬೆಂಕಿ ಬಿತ್ತು. ಕಾವಲುಗಾರರು ಓಡಿಬಂದು ಕಂದಕಕ್ಕೆ ಕೊಡ ಇಳಿಸಿದರು. ಮೇಲೆ ಬಂದದ್ದು ಬರೀ ಕೆಸರು.

"ತೂಬು ಎತ್ತಿ! ಬೇಗ!" ಎಂದು ಕಾಲುವೆ ಕೂಗಿಕೊಂಡಿತು. ಹೂಳೆತ್ತುತ್ತಿದ್ದ ಒತ್ಸುನೆ ಎಂಬ ಮುದುಕಿ ಎದ್ದುಬಿದ್ದು ಓಡಿ ತೂಬಿನ ಹಲಗೆ ಎತ್ತಿದಳು. ತಿಳಿನೀರು ಭೋರೆಂದು ನುಗ್ಗಿ ಬಂತು, ಕೊಡಗಳು ಕೈಯಿಂದ ಕೈಗೆ ಹಾರಿದವು, ಬೆಂಕಿ ಆರಿಯೇ ಹೋಯಿತು!

ಊರೆಲ್ಲ ಕುಣಿದಾಡುತ್ತಿದ್ದಾಗ ಕಂದಕ ಮೆಲ್ಲಗೆ ಕೇಳಿತು: "ತಂಗೀ, ಬರುವ ವರ್ಷ ಇವರು ಗುದ್ದಲಿ ಹಿಡಿದು ಬಂದಾಗ, ನನ್ನನ್ನೂ ಸ್ವಲ್ಪ ತುಳಿಯಲು ಹೇಳುತ್ತೀಯಾ?"